ಕಮ್ಮಾರ ತಮ್ಮನಿಗೆ ಮಾಡಿದ ಬಾಕು

ಶಿಷ್ಯ ಚನ್ನವೀರ ಕೇಳಿದ: "ಗುರುಗಳೇ, ಯಾರ ಮೇಲೆ ಪ್ರೀತಿ ಹೆಚ್ಚೋ ಅವರಿಗೆ ಏನಾಗಿಬಿಡುವುದೋ ಎಂಬ ಭಯವೂ ಹೆಚ್ಚು. ಈ ಭಯವನ್ನು ಕಳೆದುಕೊಳ್ಳುವುದು ಹೇಗೆ?"

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಮೋನಪ್ಪನೆಂಬ ಕಮ್ಮಾರನಿದ್ದ. ತಂದೆತಾಯಿ ತೀರಿಕೊಂಡಾಗ ಅವನ ತಮ್ಮ ಕಾಳಪ್ಪ ಇನ್ನೂ ತೊದಲು ಮಾತಿನ ಕೂಸು. ಮೋನಪ್ಪನೇ ಅವನಿಗೆ ಉಣಿಸಿದ, ಮೀಯಿಸಿದ. ಕುಲುಮೆಯ ಕಿಡಿ ತಾಗದಷ್ಟು ದೂರದಲ್ಲಿ ತೊಟ್ಟಿಲು ಕಟ್ಟಿ, ಕೆಲಸದ ನಡುವೆ ಹಗ್ಗ ಎಳೆದು ತೂಗಿದ. ಸುತ್ತಿಗೆಯ ಸದ್ದಿಗೇ ಆ ಮಗು ನಿದ್ದೆ ಹೋಗುತ್ತಿತ್ತು.

ಕಾಳಪ್ಪ ಬೆಳೆದು ಗಟ್ಟಿಮುಟ್ಟಾದ ಆಳಾದ. ಸುತ್ತಿಗೆ ಅವನ ಕೈಗೆ ಒಗ್ಗಲಿಲ್ಲ, ಗರಡಿ ಒಗ್ಗಿತು. ಘಟ್ಟದ ಕೆಳಗಿನಿಂದ ಎತ್ತುಗಳ ಮೇಲೆ ಉಪ್ಪು ಹೇರಿ ತರುವ ವರ್ತಕರು ಅವನನ್ನು ಕಾವಲಿಗೆ ಕರೆದರು. ಆ ದಾರಿಯಲ್ಲಿ ಕಳ್ಳರ ಕಾಟವಿತ್ತು. ಹಿಂದಿನ ಸಲ ಕಾವಲಿಗೆ ಹೋದವನ ಕತ್ತಿ ಹೊಡೆದಾಟದ ನಡುವೆ ಮುರಿದಿತ್ತು. ಅವನು ಮನೆಗೆ ಮರಳಲಿಲ್ಲ. ಇದೆಲ್ಲ ಗೊತ್ತಿದ್ದೇ ಕಾಳಪ್ಪ ಒಪ್ಪಿಕೊಂಡ.

ಅವನು ಅಣ್ಣನ ಬಳಿ ಬಂದು, "ಅಣ್ಣಾ, ನನ್ನ ಕೈಗೆ ಹೊಂದುವಂಥ ಒಂದು ಬಾಕು ಮಾಡಿಕೊಡು. ನೀನು ಮಾಡಿದ್ದು ಸೊಂಟದಲ್ಲಿದ್ದರೆ ನನಗೆ ಧೈರ್ಯ" ಎಂದ.

ಮುರಿದ ಕತ್ತಿಯ ಸುದ್ದಿ ಮೋನಪ್ಪನಿಗೂ ಗೊತ್ತಿತ್ತು. ಬೇಡವೆನ್ನಲು ಬಾಯಿ ಬರಲಿಲ್ಲ. ಆಗಲಿ ಎಂದ.

ಗಡುಸಾದ ಉಕ್ಕಿನ ಪಟ್ಟಿಗಳನ್ನೂ ಮೆದು ಕಬ್ಬಿಣದ ಪಟ್ಟಿಗಳನ್ನೂ ಒಂದರ ಮೇಲೊಂದು ಪೇರಿಸಿ ಕಾಯಿಸಿದ. ಬಡಿದು ಬೆಸೆದ. ಮಡಿಸಿ ಮತ್ತೆ ಬಡಿದ. ಕೆಂಪಗೆ ಕಾದ ಸರಳನ್ನು ಹಗ್ಗದಂತೆ ಹುರಿಗೊಳಿಸಿ ಚಪ್ಪಟೆ ಮಾಡಿದ. ಅಲಗನ್ನು ಉಜ್ಜಿ ಹುಣಸೆ ಹುಳಿ ಸವರಿದಾಗ, ಕೆರೆಯ ಮೇಲೆ ಗಾಳಿ ಹಾದಂತೆ ಉಕ್ಕಿನಲ್ಲಿ ಅಲೆ ಅಲೆಯಾಗಿ ಚಿತ್ತಾರ ಎದ್ದಿತು. ಅಂಥ ಅಲಗನ್ನು ಅವನು ಹಿಂದೆಂದೂ ಮಾಡಿರಲಿಲ್ಲ. ಅದನ್ನು ನೋಡುತ್ತಿದ್ದಂತೆ, ಇನ್ನು ಹಿಡಿ ಕೂರಿಸಿದರೆ ಆಯಿತು, ತಮ್ಮ ಹೊರಡುತ್ತಾನೆ ಎಂಬುದು ನೆನಪಾಯಿತು.

"ಬೆಸುಗೆ ಕೂಡಿಲ್ಲ" ಎಂದವನೇ ಅಲಗನ್ನು ಬೆಂಕಿಗೆ ಹಾಕಿದ.

ಇನ್ನೊಂದು ಮಾಡಿದ. ತುದಿಯಲ್ಲಿ ಚಿತ್ತಾರ ಕೆಟ್ಟಿದೆ ಎಂದ. ಮತ್ತೊಂದಕ್ಕೆ ಹದ ಸಾಲದು ಎಂದ. ತಿದಿ ಒತ್ತಿ ಕುಲುಮೆಗೆ ಗಾಳಿ ಊದುತ್ತಿದ್ದ ಕಾಳಪ್ಪ ಏನೂ ಹೇಳಲಿಲ್ಲ. ಊಟದ ಹೊತ್ತಿಗೆ ಇಬ್ಬರೂ ಒಂದೇ ಎಲೆಯಲ್ಲಿ ರೊಟ್ಟಿ ಮುರಿದುಕೊಂಡು ತಿಂದರು. ಕಾಳಪ್ಪ ಗರಡಿಯ ತಮಾಷೆಗಳನ್ನು ಹೇಳಿ ಅಣ್ಣನನ್ನು ನಗಿಸಿದ. ಮಳೆಗಾಲ ಮುಗಿಯಿತು. ಎತ್ತುಗಳಿಗೆ ಲಾಳ ಕಟ್ಟಿಸಿದ ವರ್ತಕರು ಹೊರಡುವ ದಿನ ಗೊತ್ತುಮಾಡಿದರು.

ಸಂತೆಯ ದಿನ ಕಾಳಪ್ಪ ಮನೆಗೆ ಬಂದಾಗ ಅವನ ಸೊಂಟದಲ್ಲಿ ಅಲ್ಲಿ ಕೊಂಡ ಒಂದು ಬಾಕು ಇತ್ತು. ಮೋನಪ್ಪ ಅದನ್ನು ಕಿತ್ತು ಬಿಸಿಲಿಗೆ ಹಿಡಿದ. ಅಲಗಿನ ಮೇಲೆ ಬಲು ಚೆಂದದ ಅಲೆಗಳಿದ್ದವು. ಹೆಬ್ಬೆರಳಿನಿಂದ ಸವರಿ ನೋಡಿದ. ಅವು ಉಕ್ಕಿನ ಒಳಗಿನಿಂದ ಎದ್ದ ಅಲೆಗಳಲ್ಲ, ಮೇಲೆ ಬರೆದವು. ಕಬ್ಬಿಣ ಬಡಿಯುವ ಅಡೆಗಲ್ಲಿನ ಅಂಚಿಗೆ ಒಂದು ಏಟು ಕೊಟ್ಟ. ಬಾಕು ಎರಡು ತುಂಡಾಯಿತು.

ಮೋನಪ್ಪ ಕೈಯಲ್ಲುಳಿದ ತುಂಡನ್ನೇ ನೋಡುತ್ತ ನಿಂತ. ತಮ್ಮನನ್ನು ಮನೆಯಲ್ಲಿ ಉಳಿಸಿಕೊಳ್ಳುತ್ತಿದ್ದೇನೆ ಎಂದು ಅವನು ಇಷ್ಟು ದಿನ ತಿಳಿದಿದ್ದ. ತಮ್ಮನಂತೂ ಹೋಗುವವನೇ. ತಾನು ತಡೆದದ್ದು ತಮ್ಮನನ್ನಲ್ಲ, ಅವನ ಬಾಕುವನ್ನು.

ಅವನು ಕೂಡಲೇ ಕುಲುಮೆ ಹೊತ್ತಿಸಿದ.

ಈ ಸಲ ಅವನಿಗೆ ಮೊದಲಿಗಿಂತ ಹೆಚ್ಚು ಭಯವಾಯಿತು. ಬೆಸುಗೆ ಇಲ್ಲಿ ಬಿಟ್ಟರೆ ಎನಿಸಿದಲ್ಲಿ ಮತ್ತೊಮ್ಮೆ ಕಾಯಿಸಿದ. ಬೆನ್ನು ಮುರಿದರೆ ಎನಿಸಿದಾಗ ಅಲಗಿನ ಬೆನ್ನನ್ನು ದಪ್ಪ ಬಿಟ್ಟ. ಎಣ್ಣೆಯಲ್ಲಿ ಅದ್ದಿ, ಮತ್ತೆ ಹಿತವಾಗಿ ಕಾಯಿಸಿ ಹದ ಕೊಟ್ಟ. ಬಾಗಿಸಿದರೆ ಬಾಗಿ, ಬಿಟ್ಟರೆ ನೆಟ್ಟಗಾಯಿತು. ಬೆವರಿಗೆ ಕೈ ಜಾರಿದರೆ ಎನಿಸಿದಾಗ, ಹಸಿ ಜೇಡಿಮಣ್ಣಿನ ಉಂಡೆಯನ್ನು ತಮ್ಮನ ಕೈಗಿತ್ತು ಬಿಗಿಯಾಗಿ ಹಿಡಿಯಲು ಹೇಳಿದ. ಕುಸ್ತಿಯಲ್ಲಿ ಮುರಿದು ಸೊಟ್ಟಗೆ ಕೂಡಿಕೊಂಡ ಕಿರುಬೆರಳಿನ ಅಚ್ಚು ಮಣ್ಣಿನಲ್ಲಿ ಮೂಡಿತು. ಬೀಟೆ ಮರದ ಹಿಡಿಯಲ್ಲಿ ಆ ಬೆರಳಿಗೂ ಒಂದು ಜಾಗ ಕೊರೆದ.

ಕೊನೆಗೆ ಹುಣಸೆ ಹುಳಿ ಸವರಿದ. ಅಣ್ಣತಮ್ಮಂದಿರು ತಲೆಗೆ ತಲೆ ತಾಗಿಸಿ ನೋಡಿದರು. ಚಿತ್ತಾರ ಮೆಲ್ಲಗೆ ಮೇಲೆದ್ದಿತು.

ಕಾಳಪ್ಪ ನಕ್ಕ. "ಅಣ್ಣಾ, ಮೊದಲನೆಯದೂ ಹೀಗೇ ಇತ್ತು."

ಮೋನಪ್ಪ ತಲೆ ತಗ್ಗಿಸಿದ. "ನಿನಗೆ ಗೊತ್ತಿತ್ತೇ?"

"ನೀನು ಸುಳ್ಳು ಹೇಳುವಾಗ ನನ್ನ ಮುಖ ನೋಡುವುದಿಲ್ಲ."

"ಮತ್ತೆ ಯಾಕೋ ಸುಮ್ಮನಿದ್ದೆ?"

"ಕೇಳಿದರೆ ನಿನಗೆ ನೋವಾಗುತ್ತದೆ ಎಂದು. ಮೇಲಾಗಿ, ನಿನ್ನ ಜೊತೆ ಕೂತು ತಿದಿ ಒತ್ತುವುದು ಇನ್ನು ಯಾವಾಗಲೋ ಎನಿಸಿತು. ಸುತ್ತಿಗೆಯ ಸದ್ದು ನಿಲ್ಲುವುದು ನನಗೂ ಬೇಕಿರಲಿಲ್ಲ."

ಮೋನಪ್ಪ ಬಾಕುವನ್ನು ತಾನೇ ತಮ್ಮನ ಸೊಂಟಕ್ಕೆ ಸಿಕ್ಕಿಸಿ, ಮಸಿಯಾದ ಕೈಯಲ್ಲಿ ಅವನ ಕೆನ್ನೆ ಸವರಿದ. ಕಾಳಪ್ಪ ಆ ಮಸಿಯನ್ನು ಒರೆಸಿಕೊಳ್ಳದೆಯೇ ಎತ್ತುಗಳ ಹಿಂದೆ ಹೊರಟ.

ಘಟ್ಟದ ತಿರುವಿನಲ್ಲಿ ಕಳ್ಳರು ಮೇಲೆ ಬಿದ್ದರು. ಕಾಳಪ್ಪ ಎತ್ತುಗಳಿಗೆ ಅಡ್ಡವಾಗಿ ನಿಂತ. ಕಳ್ಳರ ನಾಯಕ ಬೀಸಿದ ಮಚ್ಚನ್ನು ಬಾಕುವಿನಿಂದ ತಡೆದ. ಕಬ್ಬಿಣಕ್ಕೆ ಕಬ್ಬಿಣ ಬಡಿದು ಕಿಡಿ ಹಾರಿತು, ಬಾಕು ಮುರಿಯಲಿಲ್ಲ. ಎರಡನೆಯ ಏಟು ಭುಜಕ್ಕೆ ತಾಗಿದರೂ ಅವನು ಜಾಗ ಬಿಟ್ಟು ಕದಲಲಿಲ್ಲ. ಜೊತೆಯಲ್ಲಿದ್ದ ವರ್ತಕರು ದೊಣ್ಣೆ ಹಿಡಿದು ಓಡಿಬಂದರು. ಕಳ್ಳರು ಕಾಡು ಹೊಕ್ಕರು.

ಉಪ್ಪಿನ ಎತ್ತುಗಳು ಊರಿಗೆ ಬಂದ ದಿನ ಮೋನಪ್ಪ ಊರ ಬಾಗಿಲಿನವರೆಗೆ ಓಡಿದ. ತಮ್ಮನ ಭುಜದ ಪಟ್ಟಿ ಬಿಚ್ಚಿ ನೋಡಿದ. ಗಾಯ ಮಾಯುತ್ತಿತ್ತು. ಅದಕ್ಕೆ ಅರಿಸಿನ ಹಚ್ಚಿ, ಬಿಸಿ ಅನ್ನ ಬಡಿಸಿ, ಅವನು ಉಂಡು ಮಲಗಿದ ಮೇಲೆ ಬಾಕುವನ್ನು ಕೈಗೆತ್ತಿಕೊಂಡ. ಅಲಗಿನಲ್ಲಿ ಒಂದು ಮುಕ್ಕಿತ್ತು. ಸಾಣೆಕಲ್ಲಿಗೆ ನೀರು ಚಿಮುಕಿಸಿ ಅದನ್ನು ತಿದ್ದತೊಡಗಿದ. ಕಾಳಪ್ಪ ಎದ್ದು ಬಂದು ಪಕ್ಕದಲ್ಲಿ ಕೂತಾಗ, ಮೋನಪ್ಪ ಕೆಲಸ ನಿಲ್ಲಿಸದೆಯೇ ಕೇಳಿದ: "ಮತ್ತೆ ಯಾವಾಗ ಹೊರಡುವುದು?"

ಗುರುಗಳು ಕತೆ ನಿಲ್ಲಿಸಿದರು.

ಚನ್ನವೀರ ಸಮಾಧಾನದಿಂದ ಹೇಳಿದ: "ಅಂತೂ ಕಮ್ಮಾರನ ಭಯ ಹೋಯಿತು."

ಗುರುಗಳು ಅವನ ಬೆನ್ನು ತಟ್ಟಿ ಹೇಳಿದರು: "ಎಲ್ಲಿ ಹೋಯಿತು ಮಗೂ? ಅದಕ್ಕೊಂದು ಕೆಲಸ ಸಿಕ್ಕಿತು."