ಬರ್ತೀವಿ ಎಂದ ತಂಡ

"ಸಿಂಗನಪೇಟೆಯ ಕೋಲುಚೆಂಡಿನ ತಂಡ ಇನ್ನು ನಮ್ಮದು" ಎಂದು ಬಾಗಿನಪುರದ ಯಜಮಾನ ಗಂಗಪ್ಪನಾಯಕ ಸಂತೆಕಟ್ಟೆ ಹತ್ತಿ ಸಾರಿದ. "ಎಂಟು ಆಟಗಾರರೂ ಹುಣ್ಣಿಮೆಯೊಳಗೆ ಸಂಸಾರ ಸಮೇತ ಇಲ್ಲಿರುತ್ತಾರೆ. ಇಲ್ಲದಿದ್ದರೆ ನನ್ನ ಮೀಸೆ ಬೋಳಿಸಿ."

ಅವನ ಮೀಸೆ ದೊಡ್ಡದು. ಜನ ನಂಬಿದರು.

ಎರಡೂರಿನ ನಡುವೆ ಒಂದು ಹೊಳೆ. ಕುಡಿಯುವ ನೀರು ಒಂದೇ, ಮಿಕ್ಕಿದ್ದಕ್ಕೆಲ್ಲ ಜಗಳ. ತಂಡವೂ ಅಂಥ ದೊಡ್ಡದೇನಲ್ಲ. ರಾಜಧಾನಿಯ ತಂಡಗಳ ಮುಂದೆ ಎರಡನೇ ಸಾಲಿನದು. ಆದರೆ ಸಿಂಗನಪೇಟೆಗೆ ಹೆಮ್ಮೆ ಪಡಲು ಇದ್ದದ್ದು ಅದೊಂದೇ.

ತಂಡದ ನಾಯಕ ಮುದ್ದಯ್ಯನಿಗೆ ಸುದ್ದಿ ಎಲ್ಲರಿಗಿಂತ ಕೊನೆಗೆ ತಿಳಿಯಿತು.

"ಹೊರಟಿರಂತೆ?" ಎಂದಳು ಸೊಪ್ಪು ಮಾರುವ ಸಣ್ಣಕ್ಕ.

"ಎಲ್ಲಿಗೆ?"

"ನನ್ನನ್ನೇ ಕೇಳ್ತೀರಾ? ಹಿತ್ತಲ ನುಗ್ಗೆಮರ ಯಾರಿಗೆ ಬಿಟ್ಟಿರಿ, ಅದು ಹೇಳಿ."

ಕ್ಷೌರಕ್ಕೆ ಕೂತರೆ ಕ್ಷೌರಿಕ ಕಾಳಪ್ಪ ಅರ್ಧ ಗಡ್ಡಕ್ಕೇ ಕತ್ತಿ ಮಡಿಸಿದ. "ಉಳಿದರ್ಧ ಬಾಗಿನಪುರದಲ್ಲಿ ಮಾಡಿಸ್ಕೊಳ್ಳಿ, ನಾಯಕರೇ."

"ನಾನೆಲ್ಲೂ ಹೋಗ್ತಿಲ್ಲ ಕಣೋ."

"ಅಲ್ಲಿ ಮೈದಾನ ಹದ ಮಾಡಿ, ನೀರು ಹೊಡೆದು, ಕಲ್ಲುರುಳು ಎಳೀತಿದ್ದಾರೆ. ಸುಮ್ಮನೆ ಯಾರಾದರೂ ಉರುಳು ಎಳೀತಾರಾ?"

ಅದೇ ವಾರ ರಾಜ ಚಿಕ್ಕಭೂಪಾಲ ಸಂಚಾರ ಮಾಡುತ್ತ ಸಿಂಗನಪೇಟೆಗೆ ಬಂದು ಊರ ಚಾವಡಿಯಲ್ಲಿ ಒಡ್ಡೋಲಗ ನಡೆಸಿದ. ಗಂಗಪ್ಪನಾಯಕ ಹೊಳೆ ದಾಟಿ ಬಂದು ಫಿರ್ಯಾದು ಕೊಟ್ಟ. ಮುದ್ದಯ್ಯ ಅರ್ಧ ಗಡ್ಡದಲ್ಲೇ ಬಂದು ನಿಂತ. ತೀರ್ಪು ಗಂಗಪ್ಪನ ಕಡೆಗಾದರೆ ಎಂಟು ಮನೆಗಳಿಗೆ ಬೀಗ ಹಾಕಬೇಕು.

"ಪ್ರಭು, ಹೋದ ತಿಂಗಳು ಇವರು ನಮ್ಮೂರಿಗೆ ಆಡಲು ಬಂದಿದ್ದರು" ಎಂದ ಗಂಗಪ್ಪ. "ಆಟ ಮುಗಿದ ಮೇಲೆ ಈ ಮುದ್ದಯ್ಯ ಇಡೀ ಊರಿನೆದುರು ಕೈಮುಗಿದು ಬಾಯಿಬಿಟ್ಟು ಹೇಳಿದ, 'ಬರ್ತೀವಿ' ಅಂತ. ಮಾತು ನಂಬಿ ಮೈದಾನ ಮಾಡಿಸಿದೆ. ಈಗ ಬರೋದಿಲ್ಲ ಅಂತಾನೆ."

ರಾಜ ಕೇಳಿದ. "ಹೇಳಿದ್ದು ಹೌದಾ?"

"ಹೌದು ಪ್ರಭು. ಆದರೆ ಅದು..."

"ಹೌದೋ ಅಲ್ಲವೋ?"

"ಹೌದು."

ಕೊಟ್ಟ ಮಾತಿನ ವಿಷಯದಲ್ಲಿ ರಾಜ ಬಲು ಬಿಗಿ. ಅದು ಗೊತ್ತಿದ್ದೇ ಗಂಗಪ್ಪ ಬಂದಿದ್ದ. ರಾಜ ಪಕ್ಕದಲ್ಲಿ ಕೂತ ಓಬಳಯ್ಯನ ಕಡೆ ತಿರುಗಿದ. ಓಬಳಯ್ಯ ಆಸ್ಥಾನದ ಜಾಣ. ಮುದ್ದಯ್ಯನೂ ಅವನನ್ನೇ ನೋಡಿದ. ಇನ್ನು ಉಳಿದದ್ದು ಆ ಒಂದು ಆಸೆ.

"ಯಜಮಾನರ ಮಾತು ಸರಿ" ಎಂದ ಓಬಳಯ್ಯ.

ಮುದ್ದಯ್ಯ ಅರ್ಧ ಗಡ್ಡ ಕೆರೆದುಕೊಂಡ.

"ಬರ್ತೀನಿ ಅಂದಮೇಲೆ ಬರಬೇಕು. ಇವತ್ತು ಇವನನ್ನು ಬಿಟ್ಟರೆ ನಾಳೆ ಇನ್ನೊಬ್ಬ ಜಾರಿಕೊಳ್ಳುತ್ತಾನೆ. ಅಪ್ಪಣೆ ಹೊರಡಿಸಿ ಪ್ರಭು. ಯಾರೇ ಆಗಲಿ, ಯಾವ ಊರಲ್ಲಿ ನಿಂತು 'ಬರ್ತೀನಿ' ಅಂದರೋ ಆ ಊರಿಗೆ ಹೆಂಡತಿ, ಮಕ್ಕಳು, ಪಾತ್ರೆ ಪಡಗ ಸಮೇತ ಬಂದು ನೆಲೆಸಬೇಕು. ಯಜಮಾನರೇ, ಒಪ್ಪಿಗೆಯಾ?"

"ನೂರಕ್ಕೆ ನೂರು" ಎಂದ ಗಂಗಪ್ಪ.

"ಬಡವ ಬಲ್ಲಿದ ಅಂತ ಭೇದ ಬೇಡ ತಾನೇ?"

"ಬೇಡವೇ ಬೇಡ. ಈ ಗಳಿಗೆಯಿಂದಲೇ ಜಾರಿಯಾಗಲಿ."

ಕರಣಿಕ ಬರೆದ. ರಾಜ ಮುದ್ರೆ ಒತ್ತಿದ. ಮುದ್ದಯ್ಯ ತಲೆ ತಗ್ಗಿಸಿ ನಿಂತ. ಹಿತ್ತಲ ನುಗ್ಗೆಮರ ಕಣ್ಣಮುಂದೆ ಬಂತು.

ಗಂಗಪ್ಪ ಮೀಸೆ ತೀಡಿಕೊಂಡ. ಶಲ್ಯ ಸರಿಮಾಡಿಕೊಂಡು ತಾಂಬೂಲ ತೆಗೆದುಕೊಂಡ. ರಾಜನಿಗೆ ಬೆನ್ನು ತೋರದ ಹಾಗೆ ಹಿಂದಕ್ಕೆ ಹೆಜ್ಜೆಯಿಟ್ಟು ಬಾಗಿಲು ಮುಟ್ಟಿದ. ಸೊಂಟ ಬಗ್ಗಿಸಿ ಕೈಮುಗಿದ.

"ಬರ್ತೀನಿ, ಪ್ರಭು."

"ಬನ್ನಿ" ಎಂದ ಓಬಳಯ್ಯ. "ಯಾವತ್ತು ಬರ್ತೀರಿ?"

"ಎಲ್ಲಿಗೆ?"

"ಇಲ್ಲಿಗೇ, ಸಿಂಗನಪೇಟೆಗೆ. ಮುದ್ದಯ್ಯನ ಮನೆ ಖಾಲಿಯಾಗುತ್ತೆ, ಅದರಲ್ಲೇ ಇರಬಹುದು. ಹಿತ್ತಲಲ್ಲಿ ನುಗ್ಗೆಮರವೂ ಇದೆಯಂತೆ."

ಚಾವಡಿಯ ಹೊರಗೆ ಯಾರೋ ಕಿಸಕ್ಕೆಂದರು.

"ಇದೇನು ಓಬಳಯ್ಯನವರೇ, ನಾನು ಹೇಳಿದ್ದು ಹೊರಡೋ ಮಾತಲ್ಲವಾ?"

"ಹೊರಡೋರು 'ಹೋಗ್ತೀನಿ' ಅನ್ನಬೇಕಿತ್ತು."

"ಬಾಗಿಲಲ್ಲಿ ನಿಂತು ಯಾರಾದರೂ 'ಹೋಗ್ತೀನಿ' ಅಂತಾರಾ? ಅಪಶಕುನ. ಹೋಗುವವನು 'ಬರ್ತೀನಿ' ಅಂತಲೇ ಅನ್ನೋದು. ಹಾಲು ಕುಡಿಯೋ ಮಗುವಿಗೂ ಗೊತ್ತು."

ಓಬಳಯ್ಯ ಕರಣಿಕನ ಕಡೆ ತಿರುಗಿದ. "ಇದನ್ನೂ ಬರೆದುಕೊಳ್ಳಪ್ಪ. ಮುದ್ದಯ್ಯನ ಪರವಾಗಿ ಸಾಕ್ಷಿ, ಬಾಗಿನಪುರದ ಯಜಮಾನರದು."

ರಾಜ ಮೊದಲು ಕೆಮ್ಮಿದ. ಆಮೇಲೆ ನಕ್ಕ. ನಗು ನಿಲ್ಲದೆ ದಿಂಬಿಗೆ ಒರಗಿದ. ಅಪ್ಪಣೆಯ ಕಾಗದ ಹರಿದುಹಾಕಿದ. ತನ್ನ ಹೆಗಲ ಶಾಲು ತೆಗೆದು ಓಬಳಯ್ಯನಿಗೆ ಹೊದಿಸಿದ.

ಗಂಗಪ್ಪ ಬಾಗಿಲಲ್ಲೇ ಉಳಿದ. ಈಗ ಏನೆಂದು ಹೇಳಿ ಹೊರಡುವುದೋ ತಿಳಿಯಲಿಲ್ಲ. ಹೊರಗೆ ಕಾಳಪ್ಪ ಕ್ಷೌರದ ಪೆಟ್ಟಿಗೆ ಬಿಚ್ಚಿ ಕೂತಿದ್ದ.

"ಒಂದು ಅರ್ಧ ಗಡ್ಡ, ಒಂದು ಇಡೀ ಮೀಸೆ. ಯಾರದು ಮೊದಲು?"

ಗಂಗಪ್ಪ ಎರಡೂ ಕೈಯಲ್ಲಿ ಮೀಸೆ ಮುಚ್ಚಿಕೊಂಡ. ಮುದ್ದಯ್ಯನಿಗೆ ಅಯ್ಯೋ ಅನ್ನಿಸಿತು.

"ಬಿಡೋ ಕಾಳಪ್ಪ. ಯಜಮಾನರೇ, ಅಷ್ಟು ಕಷ್ಟಪಟ್ಟು ಮೈದಾನ ಮಾಡಿಸಿದ್ದೀರಿ. ಹಾಳು ಬೀಳೋದು ಬೇಡ. ನಿಮ್ಮ ಹುಡುಗರದ್ದೇ ಒಂದು ತಂಡ ಕಟ್ಟಿ. ಹುಣ್ಣಿಮೆಗೆ ನಾವೇ ಬರ್ತೀವಿ."

ಗಂಗಪ್ಪ ಅನುಮಾನದಿಂದ ನೋಡಿದ. "ಇದು ಯಾವ ಬರ್ತೀವಿ?"

"ಎರಡೂ" ಎಂದ ಮುದ್ದಯ್ಯ. "ಆಡೋಕೆ ಬರ್ತೀವಿ. ಗೆದ್ದು, 'ಬರ್ತೀವಿ' ಅಂತೀವಿ."