ಗೋಪುರದ ಹಿಂದಿನ ಕೆಂಪು

ಕ್ಯಾಮೆರಾ ಕಲಿಸುತ್ತಿದ್ದ ಅಂಬಣ್ಣ ಮಾಸ್ತರರದು ಒಂದು ಪದ್ಧತಿ. ಶಿಷ್ಯ ತಂದ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು, ಅದರೊಳಗಿನ ಒಂದೊಂದು ಬಣ್ಣವೂ ಎಲ್ಲಿಂದ ಬಂತೆಂದು ಕೇಳುವರು. ಸರಿಯಾದ ಉತ್ತರ ಸಿಕ್ಕರೆ ಮಾತ್ರ ಅದರ ಮೇಲೆ ರುಜು ಹಾಕುವರು.

ಶ್ರೀಕಂಠ ಆರು ವರ್ಷದಿಂದ ಆ ರುಜುವಿಗೆ ಕಾದಿದ್ದ. ಅದಿಲ್ಲದೆ ಊರಿನ ಕಲಾಶಾಲೆಯವರು ಅವನ ಚಿತ್ರವನ್ನು ಪ್ರದರ್ಶನಕ್ಕೆ ಇಡುತ್ತಿರಲಿಲ್ಲ. ಈ ಸಲ ಚಿತ್ರ ಕೊಡಲು ಅಂದೇ ಕೊನೆಯ ದಿನ.

ಅವನು ತಂದದ್ದು ಗಡಿಯಾರ ಗೋಪುರದ ಚಿತ್ರ. ಮುಸ್ಸಂಜೆ. ಕೆಳಗೆ ಮಾಳಿಗೆಗಳ ಸಾಲು, ನಡುವೆ ಕಪ್ಪಗೆ ನಿಂತ ಗೋಪುರ, ಅದರ ಬೆನ್ನಿಗೆ ದಟ್ಟ ಕೆಂಪು.

“ಮ್ಯಾಲಿನ ನೀಲಿ?”

“ಆಕಾಶ, ಸರ. ಹೊತ್ತು ಮುಳುಗಿ ಇಪ್ಪತ್ತು ನಿಮಿಷ ಆಗಿತ್ತು.”

“ಹಳದಿ?”

“ಗಡಿಯಾರದೊಳಗಿನ ದೀಪ.”

“ಕೆಂಪು?”

“ಮುಳುಗಿದ ಸೂರ್ಯಂದು.”

“ಎಲ್ಲಿ ನಿಂತಿದ್ದಿ?”

“ಗುಡ್ಡದ ಮ್ಯಾಲೆ.”

ಗುಡ್ಡ ಊರಿನ ಪಡುವಣಕ್ಕಿತ್ತು.

“ಅಲ್ಲಿಂದ ಗೋಪುರ ಮೂಡಣಕ್ಕ ಕಾಣತೈತಿ. ಅವತ್ತು ಸೂರ್ಯ ದಾರಿ ತಪ್ಪಿ ಮೂಡಣಕ್ಕ ಮುಳುಗಿದ್ನೇನು?”



“ಬೆಂಕಿ, ಸರ. ಹಾಸಿಗೆಗೆ ಹತ್ತಿ ತುಂಬೋರ ಓಣಿಗೆ ಬಿದ್ದಿತ್ತು.”

“ಯಾವಾಗ ಗೊತ್ತಾತು?”

“ಮೂರನೇ ಚಿತ್ರದ ಹೊತ್ತಿಗೆ.”

“ಒಟ್ಟು ಎಷ್ಟು ತಗದಿ?”

“ಹನ್ನೊಂದು.”

“ಇದು?”

“ಒಂಬತ್ತನೇದು. ಆವಾಗ ಬಣ್ಣ ಚಲೋ ತುಂಬಿತ್ತು.”

ಮಾಸ್ತರರು ಚಿತ್ರ ಮರಳಿ ಕೊಟ್ಟರು.

“ಆ ಓಣ್ಯಾಗ ತೋರಿಸಿ ಬಾ. ಆಮ್ಯಾಲೆ ರುಜು.”

ಶ್ರೀಕಂಠ ಲಗುಬಗೆಯಿಂದ ಹೋದ. ಕಲಾಶಾಲೆಯ ಬಾಗಿಲು ಐದಕ್ಕೆ ಮುಚ್ಚುತ್ತಿತ್ತು.

ಓಣಿಯಲ್ಲಿ ಗೋಡೆಗಳಷ್ಟೇ ಉಳಿದಿದ್ದವು. ಮಸಿ ಹಿಡಿದ ಒಂದು ಹೊಸ್ತಿಲ ಮೇಲೆ ಮಾಬೂಬಿ ಎಂಬ ಮುದುಕಿ ಕೂತಿದ್ದಳು. ಅವನು ಚಿತ್ರ ಚಾಚಿದ. ಆಕೆ ಕೈಯನ್ನು ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡಳು.

“ಇದರಾಗ ನಮ್ಮನಿ ಎಲ್ಲೈತಿ, ತಮ್ಮಾ?”

ಅವನು ಕೆಂಪು ಎಲ್ಲಕ್ಕಿಂತ ದಟ್ಟವಾಗಿದ್ದ ಕಡೆ ಬೆರಳಿಟ್ಟ.

ಆಕೆ ನೋಡಿದಳು. ಆಮೇಲೆ ಅವಳ ಕಣ್ಣು ಮೇಲೇರಿ ಗಡಿಯಾರದ ಮುಳ್ಳುಗಳ ಮೇಲೆ ನಿಂತಿತು.

“ಏಳೂ ಐದು.”

“ಹೂಂ, ಅಮ್ಮ.”

“ನಾನೂ ಇದನ್ನ ನೋಡಕೋತ ನಿಂತಿದ್ದೆ. ಬೆಂಕಿ ಆರಿಸೋ ಗಾಡಿ ಯಾವಾಗ ಬಂದೀತು ಅಂತ.” ಆಕೆ ಗಡಿಯಾರವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದಳು. “ಏಳೂ ಐದಕ್ಕ ನನ್ನ ಸೊಸಿ ಒಳಗ ಇನ್ನೂ ಚೀರಾಕತ್ತಿದ್ಲು. ಏಳೂ ಹತ್ತಕ್ಕ ಚೀರೋದು ನಿಂತಿತು.”

ಶ್ರೀಕಂಠ ಕೆಂಪಿನ ಮೇಲಿದ್ದ ಬೆರಳನ್ನು ಹಿಂದಕ್ಕೆಳೆದುಕೊಂಡ.

“ಚಂದ ಬಂದೈತಿ,” ಎಂದು ಆಕೆ ಚಿತ್ರ ಹಿಂತಿರುಗಿಸಿದಳು.

ಅವನು ಮಾಸ್ತರರ ಮನೆ ಮುಟ್ಟಿದಾಗ ಐದು ಹೊಡೆದು ಬಹಳ ಹೊತ್ತಾಗಿತ್ತು. ಮಾಸ್ತರರು ಪೆನ್ನು ತೆಗೆದಿಟ್ಟುಕೊಂಡು ಕೂತಿದ್ದರು.

“ರುಜು ಬ್ಯಾಡ ಸರ. ಈ ಕೆಂಪಿನೊಳಗ ಆ ಓಣಿ ಮುದುಕಿ ಸೊಸಿ ಇನ್ನೂ ಚೀರಾಕತ್ತಾಳ.”

ಅವನು ದೀಪದ ಗೂಡಿನಿಂದ ಕಡ್ಡಿಪೆಟ್ಟಿಗೆ ತೆಗೆದುಕೊಂಡು ಚಿತ್ರದೊಂದಿಗೆ ಅಂಗಳಕ್ಕಿಳಿದ. ಕಡ್ಡಿ ಗೀರಿದ.

ಮಾಸ್ತರರು ಹಿಂದೆಯೇ ಬಂದು ಅವನ ಮಣಿಕಟ್ಟು ಹಿಡಿದರು.

“ಆಕೀನ ಇನ್ನೊಮ್ಮೆ ಸುಡತೀಯೇನು?”