ಗೀಜಗನ ಉಪಮೆಗಳು

ಬಾವಿಯ ಮೇಲೆ ಬಾಗಿದ ಜಾಲಿಮರದಲ್ಲಿ ಒಂದು ಗಂಡು ಗೀಜಗ ಅರ್ಧ ಗೂಡು ಹೆಣೆದು, ಉಳಿದ ಹೊತ್ತೆಲ್ಲ ಮೂರು ಸಾಲಿನ ಪ್ರೇಮಪದ್ಯ ಕಟ್ಟುತ್ತಿತ್ತು. ಮೊಟ್ಟೆಯಿಡುವ ಕಾಲ ಹತ್ತಿರವಾಗಿದ್ದ ಹೆಣ್ಣು ಗೀಜಗವೊಂದು ಗೂಡು ನೋಡಲು ಬಂತು.

ಗಂಡು ಕತ್ತು ಕೊಂಕಿಸಿ ಹಾಡಿತು: “ಮೀನಿನಂಥ ಕಣ್ಣು, ಹಂಸದಂಥ ನಡೆ, ಕೋಗಿಲೆಯಂಥ ದನಿ!”

ಹೆಣ್ಣು ಹಿಂದಕ್ಕೆ ತಿರುಗಿ ನೋಡಿತು. ಅಲ್ಲಿ ಯಾರೂ ಇರಲಿಲ್ಲ. “ಕವಿರಾಯರೇ, ಇದು ಯಾರನ್ನು ಕುರಿತದ್ದು?”

“ತಮ್ಮನ್ನೇ.”

“ನಾನು ಕುಪ್ಪಳಿಸುವವಳು. ಬಾಯಿ ತೆರೆದರೆ ಚೀ ಚೀ ಅನ್ನುತ್ತೇನೆ. ಮೀನನ್ನು ಈ ಬಾವಿಯಲ್ಲೇ ನೋಡಿದ್ದೇನೆ, ಅದಕ್ಕೆ ರೆಪ್ಪೆಯೇ ಇಲ್ಲ. ಹೊಗಳಿದಿರೋ, ಬೈದಿರೋ?”

“ಅದು ಉಪಮೆ, ದೇವಿ. ರೂಪಕ ಬೇಕಿದ್ದರೆ, ನೀವೇ ಚಂದ್ರ, ನಾನೇ ಚಕೋರ.”

“ಹಾಗಾದರೆ ಈ ಗೂಡು ಯಾರಿಗೆ, ಚಂದ್ರನಿಗೋ?”

ಇರಲೋ ಹಾರಿಹೋಗಲೋ ತಿಳಿಯದೆ ಹೆಣ್ಣು, ಸೀರೆ ಕೊಳ್ಳುವವರು ಸೆರಗು ಜಗ್ಗಿ ನೋಡುವ ಹಾಗೆ, ಗೂಡಿನ ಒಂದು ಎಳೆ ಜಗ್ಗಿತು. ಎಳೆ ಕೊಕ್ಕಿಗೇ ಬಂತು. “ಇದಕ್ಕೆ ಯಾವ ಅಲಂಕಾರ ಅನ್ನುತ್ತೀರಿ?”

ಗಂಡು ಹಾರಿಹೋಗಿ ಹಸಿ ಹುಲ್ಲಿನ ಎಳೆ ತಂದು, ಮೂರು ಸುತ್ತು ಸುತ್ತಿ ಗಂಟು ಹಾಕಿತು. ಹೆಣ್ಣು ಜಗ್ಗಿತು. ಮತ್ತೂ ಜಗ್ಗಿತು. ಕೊಂಬೆ ಅಲುಗಿತು, ಗಂಟು ಅಲುಗಲಿಲ್ಲ.

“ಈಗ ಅರ್ಥವಾಯಿತು” ಎಂದು ಹೆಣ್ಣು ಒಳಗೆ ಹೋಗಿ ಕುಳಿತಿತು.

“ಯಾವ ಸಾಲು?” ಎಂದಿತು ಗಂಡು. ಹೆಣ್ಣು ಒಳಗಿನಿಂದಲೇ ಆ ಗಂಟನ್ನು ಇನ್ನೊಮ್ಮೆ ಜಗ್ಗಿತು. ಮರಿಗಳು ರೆಕ್ಕೆ ಬಲಿತು ಹಾರಿಹೋದ ಮೇಲೂ ಗಂಡು ತನ್ನ ಪದ್ಯಗಳಲ್ಲಿ ಆ ಸಾಲನ್ನು ಹುಡುಕುತ್ತಲೇ ಇತ್ತು.